ಮಿಸ್ ಓಜೆಲಾ ಅವರ ಕೋಟಿನ ಬೀರು

ನಮ್ಮ ಕಾಲೇಜಿನಲ್ಲಿ ಓದಿ ಪತ್ರಕರ್ತರಾದವರು ಯಾರೇ ಇರಲಿ, ಮೊದಲ ಸಂದರ್ಶನಕ್ಕೆ ಹೋದದ್ದು ಮಿಸ್ ಓಜೆಲಾ ಮಿಂಟರ್ ಅವರ ಬೀರುವಿನಲ್ಲಿದ್ದ ಕೋಟು ತೊಟ್ಟುಕೊಂಡು. ಈಗ ಟಿವಿಯಲ್ಲಿ ಕೂತು ಸುದ್ದಿ ಹೇಳುವ ಒಬ್ಬಳು, ತಾನು ಹಾಗೆ ಹೋಗಲಿಲ್ಲ ಅನ್ನುತ್ತಾಳಂತೆ. ಶುದ್ಧ ಸುಳ್ಳು. ಅವಳ ಬೂದು ಕೋಟಿನ ಒಳಪದರ ಹರಿದಿತ್ತು, ಅದನ್ನು ಹೊಲಿಯುವಾಗ ಸೂಜಿಗೆ ದಾರ ಪೋಣಿಸಿ ಕೊಟ್ಟವನು ನಾನೇ.

ಅಲಬಾಮಾದ ಹತ್ತಿ ಸೀಮೆಯ ಸಣ್ಣ ಊರು, ನಮ್ಮ ಕಪ್ಪು ಜನ ತಾವೇ ಇಟ್ಟಿಗೆ ಹೊತ್ತು ಕಟ್ಟಿಕೊಂಡ ಸಣ್ಣ ಕಾಲೇಜು. ಅಲ್ಲಿನ ದಾಖಲೆಯಲ್ಲಿ ಮಿಸ್ ಓಜೆಲಾ ವಿದ್ಯಾರ್ಥಿ ಪತ್ರಿಕೆಯ ಟೈಪಿಸ್ಟ್, ಅಷ್ಟೇ. ಪಾಠ ಮಾಡುವ ಪ್ರೊಫೆಸರು ಬೇರೆ ಇದ್ದರು. ಆದರೆ ನಮಗೆ ಅನ್ನ ಕೊಟ್ಟ ಪಾಠವೆಲ್ಲ ಆದದ್ದು ಟೈಪಿಸ್ಟ್ ಕೋಣೆಯಲ್ಲಿ, ಆ ಬೀರುವಿನ ಮುಂದೆ.

"ಲೇ ಟಾಲಿವರ್," ಎಂದು ಒಂದು ದಿನ ನನ್ನನ್ನು ಹಿಡಿದುಕೊಂಡರು. ಎಲ್ಲರನ್ನೂ ಮನೆತನದ ಹೆಸರಿನಿಂದಲೇ ಕರೆಯುವುದು ಅವರ ರೂಢಿ. "ನೀನು ಫೋನ್ ಎತ್ತದಿದ್ರೆ ಅದ್ರಲ್ಲಿ ರೆಕಾರ್ಡ್ ಮಾಡಿಟ್ಟಿದ್ದು ಶುರುವಾಗುತ್ತೆ, ಮೊದಲು ಡೋಲು ಬಡಿಯುತ್ತೆ, ಆಮೇಲೆ ಯಾವನೋ ಕಿರುಚ್ತಾನೆ, ಆಮೇಲೆ ನೀನು 'ಏನು ಚಿನ್ನಾ, ಏನ್ ಸಮಾಚಾರ' ಅಂತೀಯ. ಕೆಲಸ ಕೊಡೋ ಸಂಪಾದಕ ಏನು ನಿನ್ನ ಹುಡುಗೀನಾ? ಇವತ್ತೇ ಅಳಿಸು. ಹೆಸರು ಹೇಳು, ನಂಬರ್ ಹೇಳು, ಬಾಯಿ ಮುಚ್ಕೋ."

ಕೈ ಕುಲುಕುವುದನ್ನು ಅವರೇ ಕಲಿಸಿದರು. ನನ್ನ ಕೈ ಹಿಡಿದು, "ಇದೇನಿದು, ಸತ್ತ ಮೀನು ಕೊಡ್ತಿದೀಯಾ? ಗಟ್ಟಿಯಾಗಿ ಹಿಡಿ," ಅಂದರು. ತಾನು ಏನೇನು ಬಲ್ಲೆ ಎಂಬುದನ್ನು ಒಂದೇ ಪುಟದಲ್ಲಿ ಬರೆಯಬೇಕು, ಎರಡನೆಯ ಪುಟಕ್ಕೆ ಹೋದರೆ ಹರಿದು ಹಾಕುವರು. ಅಚ್ಚಾದ ಬರಹಗಳನ್ನು ಬಿಳಿ ಹಾಳೆಗೆ ಸುಕ್ಕಿಲ್ಲದಂತೆ ಅಂಟಿಸಿ ಫೈಲು ಮಾಡಬೇಕು. ಒಮ್ಮೆ ಯಾರೋ ಹುಡುಗ, ಬಟ್ಟೆ ನೋಡಿ ಕೆಲಸ ಕೊಡ್ತಾರಾ ಎಂದು ಗೊಣಗಿದ.

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಕಣಪ್ಪಾ," ಅಂದರು. "ಬಿಳಿ ಹುಡುಗ ಸುಕ್ಕು ಅಂಗಿ ಹಾಕ್ಕೊಂಡು ಹೋದ್ರೆ, 'ಪಾಪ, ಬುದ್ಧಿವಂತ, ಬಟ್ಟೆ ಕಡೆ ಗಮನ ಇಲ್ಲ' ಅಂತಾರೆ. ನೀನು ಹೋದ್ರೆ ಏನಂತಾರೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

ಅವನು ತೆಪ್ಪಗೆ ಕೋಟಿನ ತೋಳಿಗೆ ಕೈ ತೂರಿಸಿದ.

ಕೋಟುಗಳೆಲ್ಲ ಚರ್ಚಿನವರು ಕೊಟ್ಟವು, ಕೆಲವು ತೀರಿಹೋದ ಗಂಡಂದಿರವು. ಮಿಸ್ ಓಜೆಲಾ ಅವನ್ನು ಬಿಚ್ಚಿ, ಕಿರಿದು ಮಾಡಿ, ಹಿರಿದು ಮಾಡಿ ನಮ್ಮ ಮೈಗೆ ಕೂರಿಸುತ್ತಿದ್ದರು. ನಿಯಮ ಒಂದೇ. ಕೆಲಸ ಸಿಕ್ಕಿದ ಮೇಲೆ ಕೋಟು ವಾಪಸು ಬರಬೇಕು, ಒಳಜೇಬಿನಲ್ಲಿ ನಮ್ಮ ಹೆಸರು ಹೊತ್ತ ಮೊದಲ ದೊಡ್ಡ ಬರಹ ಇರಬೇಕು. ಅವರು ಅದನ್ನು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ, ಒಂದು ಮಾತು ಬರೆದು, ಅದೇ ಜೇಬಿಗೆ ಸೇರಿಸುವರು. ಮುಂದೆ ಆ ಕೋಟು ತೊಟ್ಟವನು ಜೇಬಿಗೆ ಕೈಹಾಕಿದರೆ ಹಿಂದಿನವರ ಹೆಸರುಗಳು ಕೈಗೆ ಸಿಗುತ್ತಿದ್ದವು.

"ಹೆಸರು ಅಂದ್ರೆ ಅಂಗಡಿ ಬೋರ್ಡು," ಎನ್ನುತ್ತಿದ್ದರು. "ಬರೆದದ್ದರ ಮೇಲೆ ನಿನ್ನ ಹೆಸರಿಲ್ಲ ಅಂದ್ರೆ ನೀನು ಬರೆದೇ ಇಲ್ಲ."

ಇಷ್ಟು ಹೇಳುವ ಹೆಂಗಸಿಗೆ ತನ್ನದೆಂದು ತೋರಿಸಲು ಒಂದು ಚೂರು ಕಾಗದವೂ ಇರಲಿಲ್ಲ. ಹರೆಯದಲ್ಲಿ ಅವರು ಊರಿನ ಬಿಳಿಯರ ಪತ್ರಿಕೆಗೆ 'ಕಪ್ಪು ಜನರ ಸುದ್ದಿ' ಬರೆದವರು. ಡೆಟ್ರಾಯಿಟಿನಿಂದ ಯಾರ ತಮ್ಮ ಬಂದ, ಯಾರ ಮಗುವಿಗೆ ದೀಕ್ಷಾಸ್ನಾನವಾಯಿತು, ಯಾರು ತೀರಿಕೊಂಡರು. ಗುರುವಾರ ಗುರುವಾರ ಹಿಂಬಾಗಿಲಲ್ಲಿ ಹಾಳೆ ಕೊಟ್ಟು ಬರುವುದು. ಹನ್ನೊಂದು ವರ್ಷ, ಒಂದು ವಾರ ತಪ್ಪಿಸಿದವರಲ್ಲ. ಪತ್ರಿಕೆಯವರು ಒಂದು ಸಲವೂ ಅವರ ಹೆಸರು ಹಾಕಲಿಲ್ಲ. ಒಂದು ಗುರುವಾರ, ಇನ್ನು ಬೇಡ ಅಂತ ಪತ್ರಿಕೆಯವರು ಅಂದರು, ಮುಗಿಯಿತು.

ನನ್ನ ಕೊನೆಯ ವರ್ಷ ನಾನು ಅದೇ ಪತ್ರಿಕೆಯಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ಕೆಲಸ ಕಲಿಯುತ್ತಿದ್ದೆ, ಮುಂಬಾಗಿಲಲ್ಲಿ ಹೋಗಿ. ಮಾರ್ಚ್ ತಿಂಗಳಲ್ಲಿ ಮಿಸ್ ಓಜೆಲಾ ನನ್ನ ಕೈಗೆ ಟೈಪ್ ಮಾಡಿದ ಐದು ಹಾಳೆ ಇಟ್ಟರು. ಆಗ ಅವರಿಗೆ ಅರವತ್ತಮೂರು.

"ನಾನೇ ಬರೆದದ್ದು. ನಿಮ್ಮ ಸಂಪಾದಕನಿಗೆ ಕೊಡು. ದುಡ್ಡು ಗಿಡ್ಡು ಬೇಡ. ಮೇಲೆ ನನ್ನ ಹೆಸರು ಬಂದ್ರೆ ಸಾಕು."

"ಕಾರ್ಬನ್ ಪ್ರತಿ ಇಟ್ಕೊಂಡಿದೀರಾ?" ಎಂದೆ.

"ಅಚ್ಚೇ ಆಗುತ್ತಲ್ಲ, ಕಾರ್ಬನ್ ಯಾಕೋ?" ಎಂದು ನಕ್ಕರು. ಅವರು ಹಾಗೆ ಹುಡುಗಿಯಂತೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಬಸ್ಸಿನಲ್ಲಿ ಓದಿದೆ. ಅವರು ಹುಟ್ಟಿದ್ದು ಹಲಗೆ ಮನೆಯಲ್ಲಿ. ಚಳಿಗಾಳಿ ನುಗ್ಗದಿರಲೆಂದು ಅವರ ತಾಯಿ, ತಾನು ಬಟ್ಟೆ ಒಗೆಯುವ ಮನೆಗಳಿಂದ ಹಳೆಯ ಪತ್ರಿಕೆ ತಂದು ಹಿಟ್ಟಿನ ಅಂಟಿನಿಂದ ಗೋಡೆಗೆ ಮೆತ್ತುತ್ತಿದ್ದರು. ಓಜೆಲಾ ಅಕ್ಷರ ಕಲಿತದ್ದು ಆ ಗೋಡೆಯಿಂದ, ಮಲಗಿಕೊಂಡು. ಒಂದು ಸುದ್ದಿ ಅರ್ಧಕ್ಕೆ ಬಂದು 'ಮುಂದುವರಿದದ್ದು ಆರನೇ ಪುಟದಲ್ಲಿ' ಎಂದು ನಿಲ್ಲುತ್ತಿತ್ತು. ಆರನೇ ಪುಟ ಆ ಗೋಡೆಯ ಮೇಲೆ ಎಲ್ಲಿಯೂ ಇರಲಿಲ್ಲ. ಮುಳುಗಿದ ದೋಣಿಯವರು ಬದುಕಿದರೋ ಇಲ್ಲವೋ, ಕಾಣೆಯಾದ ಹುಡುಗಿ ಸಿಕ್ಕಳೋ ಇಲ್ಲವೋ. ಅದಕ್ಕೇ ನನಗೆ ಸುದ್ದಿ ಬರೆಯುವ ಹುಚ್ಚು ಹಿಡಿಯಿತು ಎಂದು ಬರೆದಿದ್ದರು. ಇಳಿಯುವ ನಿಲ್ದಾಣ ದಾಟಿ ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಸಂಪಾದಕ ಕೆಟ್ಟವನಲ್ಲ. ನಿಧಾನವಾಗಿ, ಪೂರ್ತಿ ಓದಿದ.

"ಚೆನ್ನಾಗಿದೆ ಕಣಯ್ಯಾ. ಆದ್ರೆ ಈಯಮ್ಮ ಯಾರು ಅಂತ ಓದೋರಿಗೆ ಏನು ಗೊತ್ತು? ಟೈಪಿಸ್ಟ್ ಬರೆದದ್ದು ಅಂತ ಹಾಕಕ್ಕಾಗುತ್ತಾ? ನೀನೇ ಆಕೆ ಬಗ್ಗೆ ಬರೆದ ಹಾಗೆ ತಿದ್ಕೊಂಡು ಬಾ. ಭಾನುವಾರ ಮೊದಲ ಪುಟದಲ್ಲೇ ಹಾಕ್ತೀನಿ. ನಿಮ್ಮೋರ ಸಮ್ಮೇಳನ ಮುಂದಿನ ತಿಂಗಳಲ್ವಾ? ನಿನ್ನ ಫೈಲಿಗೂ ಒಂದಾಯ್ತು."

ಕಪ್ಪು ಪತ್ರಕರ್ತರ ಸಮ್ಮೇಳನ. ದೊಡ್ಡ ಹೋಟೆಲ್ಲಿನಲ್ಲಿ ಸಾಲು ಮೇಜು ಹಾಕಿಕೊಂಡು ಊರೂರಿನ ಪತ್ರಿಕೆಯವರು ಕೆಲಸಕ್ಕೆ ಜನ ಆರಿಸಲು ಕೂತಿರುತ್ತಾರೆ, ನಮ್ಮ ಹುಡುಗರು ಫೈಲು ಹಿಡಿದು ಸಾಲು ನಿಲ್ಲುತ್ತಾರೆ. ನನ್ನ ಫೈಲಿನಲ್ಲಿ ಇದ್ದದ್ದು ಕ್ಯಾಂಟೀನಿನ ಬೆಲೆ, ಫುಟ್‌ಬಾಲು, ಗ್ರಂಥಾಲಯದ ಹೊಸ ಕಪಾಟು. ಆಗುವುದಿಲ್ಲ ಅನ್ನಬಹುದಿತ್ತು. ಹಾಳೆ ವಾಪಸು ಇಸಿದುಕೊಂಡು ಬರಬಹುದಿತ್ತು. ಐದು ಹಾಳೆಯಲ್ಲಿದ್ದ 'ನಾನು' ಎಲ್ಲವನ್ನೂ 'ಆಕೆ' ಮಾಡಲು ನನಗೆ ಮುಕ್ಕಾಲು ಗಂಟೆ ಸಾಕಾಯಿತು. ಕೊನೆಗೆ ನನ್ನದೊಂದು ಸಾಲು ಸೇರಿಸಿದೆ: 'ಆರನೇ ಪುಟವನ್ನು ಆಕೆ ಇನ್ನೂ ಹುಡುಕುತ್ತಲೇ ಇದ್ದಾರೆ.' ಮೇಲೆ ನನ್ನ ಹೆಸರು, ರಾಡ್ರಿಕ್ ಟಾಲಿವರ್. ಅವರ ಹಾಳೆಗಳು ಸಂಪಾದಕನ ಮೇಜಿನ ಮೇಲೇ ಉಳಿದವು, ಆಮೇಲೆ ಕಸಕ್ಕೆ ಹೋಗಿರಬೇಕು.

ಶನಿವಾರ ಹೋಗಿ ಹೇಳಿಬಿಡೋಣ ಅಂದುಕೊಂಡೆ. ಹೋಗಲಿಲ್ಲ.

ಭಾನುವಾರ ಚರ್ಚಿನ ಬಾಗಿಲಲ್ಲಿ ಟೋಪಿ ತೊಟ್ಟ ಹೆಂಗಸರೆಲ್ಲ ಅವರನ್ನು ಮುತ್ತಿಕೊಂಡಿದ್ದರು. "ಓಜೆಲಾ, ಪೇಪರಲ್ಲಿ ಬಂದ್ಬಿಟ್ಟೆಯಲ್ಲೇ! ನೋಡು, ನಿನ್ನ ಹೆಸರು ಎಷ್ಟು ಸಲ ಇದೆ!" ಎಂದು ಒಬ್ಬಾಕೆ ಬೆರಳಿಟ್ಟು ಎಣಿಸುತ್ತಿದ್ದಳು.

"ಹೌದೌದು, ಬಂದಿದೆ," ಎಂದರು ಮಿಸ್ ಓಜೆಲಾ. ಹೆಂಗಸರ ತಲೆಗಳ ಮೇಲಿಂದ ಒಂದು ಸಲ ನನ್ನ ಕಡೆ ನೋಡಿದರು. ಕೋಪ ಇರಲಿಲ್ಲ. ಆ ಗುರುವಾರ ಹಿಂಬಾಗಿಲಲ್ಲಿ ನಿಂತು, 'ಇನ್ನು ಬೇಡ' ಎಂಬ ಮಾತು ಕೇಳಿಸಿಕೊಂಡಾಗಲೂ ಅವರು ಹಾಗೇ ನೋಡಿರಬೇಕು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ನಾನು ಒಳಗೆ ಹೋಗಿ ಕೂತರೂ ಹಾಡು ಮುಗಿಯುವ ಮೊದಲೇ ಎದ್ದು ಬಂದೆ.

ಸೋಮವಾರ ಸಮ್ಮೇಳನಕ್ಕೆ ತೊಡುವ ಕೋಟಿನ ಅಳತೆ ಇತ್ತು. ಹೋಗದೆ ವಿಧಿಯಿರಲಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವರು ನನ್ನ ಸುತ್ತ ಒಂದು ಸುತ್ತು ಬಂದರು. ನೀಲಿ ಕೋಟು, ಬೀರುವಿಗೆ ಹೊಸದಾಗಿ ಬಂದದ್ದು, ನಮ್ಮ ಹುಡುಗರಲ್ಲಿ ಆವರೆಗೆ ಯಾರೂ ತೊಟ್ಟಿರಲಿಲ್ಲ.

"ತೋಳು ಅರ್ಧ ಇಂಚು ಉದ್ದ ಇದೆ," ಅಂದರು. ಆಮೇಲೆ, "ಫೈಲಿಗೆ ಅಂಟಿಸಿದ್ಯಾ?"

"ಹೂಂ."

"ಮೇಲೇ ಇಡು. ಅವರು ಓದೋದು ಮೊದಲನೇದನ್ನ ಮಾತ್ರ."

ಅಷ್ಟೇ ಮಾತು. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆನೋ ಏನೋ. ಅವರು ತೋಳು ಮಡಚಿ ಹೊಲಿದುಕೊಟ್ಟರು, ನಾನು ಥ್ಯಾಂಕ್ಸ್ ಹೇಳಿ ಬಂದೆ.

ಸಮ್ಮೇಳನದಲ್ಲಿ ಒಹಾಯೋದ ಒಂದು ಪತ್ರಿಕೆಯವಳು ಫೈಲು ತೆರೆದಳು. ಮೊದಲನೆಯದನ್ನೇ ಓದಿದಳು. ಕನ್ನಡಕ ತೆಗೆದು, "ಇಷ್ಟೆಲ್ಲ ಅವರ ಬಾಯಿಂದ ಹೇಗೆ ಹೊರಡಿಸಿದ್ಯಪ್ಪಾ?" ಅಂದಳು.

"ತುಂಬಾ ಹೊತ್ತು ಕೂತು ಕೇಳಿದೆ," ಎಂದೆ.

ಕೆಲಸ ಸಿಕ್ಕಿತು. ಕೋಟನ್ನು ಒಗೆಸಿ ಅಂಚೆಯಲ್ಲಿ ಕಳಿಸಿದೆ. ಜೇಬಿನಲ್ಲಿ ಏನೂ ಇಡಲಿಲ್ಲ. ಏನಿಡಲಿ? ಆ ವರ್ಷ ಒಹಾಯೋದಲ್ಲಿ ನಾನು ಬರೆದದ್ದು ಎಷ್ಟೋ ಅಚ್ಚಾಯಿತು, ಅದನ್ನೂ ಕಳಿಸಲಿಲ್ಲ. ಅವರ ಬರಹದ ಮೇಲೆ ಕಾಲಿಟ್ಟು ಹತ್ತಿದ ಮೆಟ್ಟಿಲು ಅವೆಲ್ಲ. ಕ್ರಿಸ್ಮಸ್ಸಿಗೆ ಫೋನ್ ಮಾಡುತ್ತಿದ್ದೆ. "ಏನು ಬರೀತಿದೀಯ, ಟಾಲಿವರ್? ಹೆಸರು ಮೇಲಿದೆ ತಾನೆ?" ಎಂದು ಕೇಳುವರು. ತಪ್ಪಾಯ್ತು ಎನ್ನಲು ಪ್ರತಿ ಸಲ ಬಾಯಿ ತೆರೆಯುವೆ, ಹಬ್ಬದ ಶುಭಾಶಯ ಹೇಳಿ ಫೋನ್ ಇಡುವೆ. ಮುಂದಿನ ವರ್ಷ ಹೇಳೋಣ ಅಂತ ಹದಿನೆಂಟು ವರ್ಷ ತಳ್ಳಿದೆ. ನಡುವೆ ಒಹಾಯೋದ ಆ ಪತ್ರಿಕೆ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿತು, ನಾನೂ ಅದರಲ್ಲಿ ಒಬ್ಬ. ಅದನ್ನೂ ಅವರಿಗೆ ಹೇಳಲಿಲ್ಲ.

ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಸುದ್ದಿ ತಿಳಿಸಿದವಳು ಅವರ ತಂಗಿಯ ಮಗಳು ಲುವೇನಿಯಾ.

"ನೀವೇ ಬರೀಬೇಕಂತೆ, ಅಣ್ಣಾ. ಚೀಟಿ ಬರೆದಿಟ್ಟಿದ್ದಾರೆ."

ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಪುಟ್ಟ ಪುಸ್ತಕ ಅಚ್ಚು ಹಾಕಿ ಚರ್ಚಿನಲ್ಲಿ ಹಂಚುತ್ತಾರೆ, ಒಳಗೆ ಫೋಟೋ, ಹಾಡು, ಬಾಳಿನ ಕತೆ. ಬರೆದವರ ಹೆಸರು ಯಾರೂ ಹಾಕುವುದಿಲ್ಲ. ನಾನು ಎರಡು ಪುಟ ಬರೆದೆ. ಉಳಿದ ಪುಟಗಳಿಗೆ ನನ್ನ ಹಳೆಯ ಫೈಲು ತೆಗೆದು, ಹಳದಿಗಟ್ಟಿದ ಆ ಬರಹವನ್ನು ಮುಂದಿಟ್ಟುಕೊಂಡು, ಒಂದೊಂದೇ 'ಆಕೆ'ಯನ್ನು ಮತ್ತೆ 'ನಾನು' ಮಾಡುತ್ತ ಬಂದೆ. ಈ ಸಲ ಎರಡು ದಿನ ಹಿಡಿಯಿತು. ಎಲ್ಲಿ ಅವರ ಮಾತು, ಎಲ್ಲಿ ನನ್ನ ಕೈಚಳಕ ಎಂದು ಎಷ್ಟೋ ಕಡೆ ತಿಳಿಯಲಿಲ್ಲ. ಕೊನೆಯ ಸಾಲು ಮಾತ್ರ ಖಂಡಿತ ನನ್ನದು, ಅದನ್ನು ಹೊಡೆದುಹಾಕಿದೆ. ಮೇಲೆ ದಪ್ಪಕ್ಷರದಲ್ಲಿ ಹಾಕಿಸಿದೆ: ಓಜೆಲಾ ಮಿಂಟರ್.

ಅವರ ಹೆಸರು ಅವರ ಬರಹದ ಮೇಲೆ ಬಂತು. ನೋಡಲು ಅವರಿರಲಿಲ್ಲ. ಚರ್ಚಿನಲ್ಲಿ ನನ್ನ ಮುಂದಿನ ಸಾಲಿನಲ್ಲಿ ಕೂತ ಮುದುಕಿಯೊಬ್ಬಳು ಸೆಕೆ ತಾಳದೆ ಅದೇ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು, ಆ ಹೆಸರು ನನ್ನ ಕಣ್ಣ ಮುಂದೆ ಹೋಗಿ ಬಂದು ಮಾಡುತ್ತಿತ್ತು. ನಾನು ಅತ್ತೆ.

ಮಣ್ಣು ಮಾಡಿ ಬಂದು ಊಟವಾದ ಮೇಲೆ ಲುವೇನಿಯಾ ನನ್ನನ್ನು ಕಾಲೇಜಿನ ಆ ಕೋಣೆಗೆ ಕರೆದೊಯ್ದಳು. ಬೀರು ಖಾಲಿ ಮಾಡಬೇಕಿತ್ತು. ಈಗಿನ ಮಕ್ಕಳು ಕೋಟು ಕೇಳುವುದಿಲ್ಲವಂತೆ, ಫೋನಿನಲ್ಲಿ ಮುಖ ತೋರಿಸಿದರೆ ಸಂದರ್ಶನ ಮುಗಿಯುತ್ತದೆ. ಒಂದೊಂದೇ ಕೋಟು ತೆಗೆದು ಜೇಬು ನೋಡುತ್ತ ಪೆಟ್ಟಿಗೆಗೆ ಹಾಕಿದೆವು. ಕೊನೆಯಲ್ಲಿ ನನ್ನ ನೀಲಿ ಕೋಟು. ಬೇರೆ ಯಾರಿಗೂ ಅವರು ಅದನ್ನು ಕೊಟ್ಟಿರಲಿಲ್ಲ, ತೋಳಿನ ಮಡಿಕೆ ನನ್ನ ಅಳತೆಗೇ ಇತ್ತು. ಖಾಲಿ ಎಂದು ಗೊತ್ತಿದ್ದೂ ಒಳಜೇಬಿಗೆ ಕೈಹಾಕಿದೆ.

ಅಂದಿನ ಭಾನುವಾರದ ಪತ್ರಿಕೆ. ಅವರೇ ಕತ್ತರಿಸಿ ಇಟ್ಟದ್ದು. ನಾನು ಬಿಡಿಸಿದೆ. ಎಲ್ಲರ ಮೊದಲ ಬರಹವನ್ನೂ ಕೆಂಪಾಗಿಸುತ್ತಿದ್ದ ಆ ಪೆನ್ಸಿಲ್ಲು ಇದರಲ್ಲಿ ಏನನ್ನೂ ತಿದ್ದಿರಲಿಲ್ಲ. ಕಾಲಂ ಪೂರ್ತಿ ಸ್ವಚ್ಛವಾಗಿತ್ತು. ಕಟ್ಟಕಡೆಗೆ, ನಾನು ಮೊನ್ನೆ ತಾನೆ ಹೊಡೆದುಹಾಕಿದ್ದ ಆ ಸಾಲಿನ ಕೆಳಗೆ ಒಂದು ಗೆರೆ, ಪಕ್ಕದಲ್ಲಿ ಅವರ ಅಕ್ಷರ: 'ಇದು ನಿನ್ನದು, ಟಾಲಿವರ್. ಚೆನ್ನಾಗಿದೆ.'

"ಏನದು ಅಣ್ಣಾ?" ಎಂದಳು ಲುವೇನಿಯಾ, ಪೆಟ್ಟಿಗೆಗೆ ಟೇಪು ಸುತ್ತುತ್ತ. "ನೀವು ಬರೆದದ್ದಾ?"

"ಒಂದು ಸಾಲು," ಎಂದೆ. "ಒಂದೇ ಒಂದು ಸಾಲು ಮಾತ್ರ."