ಒಂದು ಲೋಟ ನೀರಿಗೆ ಸಿದ್ಧತೆ

ಇದರಲ್ಲಿ ನಡೆದದ್ದೆಷ್ಟು, ನನ್ನ ಅನುಕೂಲಕ್ಕೆ ನೆನಪು ಹೊಂದಿಸಿಕೊಂಡದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ಕಳೆದ ತಿಂಗಳು ಅಮೆರಿಕದ ರಾಲಿಯ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ನಿಗೆ ಕಾಯುತ್ತ ಮಲಗಿದ್ದೆ. ನರ್ಸ್ ಬಂದು ಒಂದು ಲೋಟ ನೀರು ಕೊಟ್ಟು, ಇನ್ನೂ ಎರಡು ಗಂಟೆಗಿಂತ ಹೆಚ್ಚು ಸಮಯವಿದೆ, ಕುಡಿಯಿರಿ ಎಂದರು. ಈ ನೀರು ನನ್ನಿಂದಲೇ ಬಂದದ್ದು ಎಂದು ಅವರಿಗೆ ಹೇಳಬೇಕೆನ್ನಿಸಿತು. ಆದರೆ ಅರಿವಳಿಕೆಗೆ ಮೊದಲೇ ರೋಗಿ ಹೀಗೆ ಮಾತಾಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ.

ಕೋವಿಡ್ ಇನ್ನೂ ಪೂರ್ತಿ ತಗ್ಗಿರದ ದಿನಗಳಲ್ಲಿ ಇದೇ ಆಸ್ಪತ್ರೆಯ ಸರ್ವೆ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಂಶೋಧನೆಯಲ್ಲಿ ಸಾಬೀತಾದದ್ದನ್ನು ವಾರ್ಡಿನಲ್ಲಿ ಪಾಲಿಸಲು ಸಂಸ್ಥೆ ಸಿದ್ಧವಿದೆಯೇ ಎಂದು ಅಳೆಯಬೇಕು. ಅದಕ್ಕೊಂದು ಸಮಿತಿ, ಅದರಲ್ಲಿ ನಾನೂ ಒಬ್ಬ. ಆ ಸಮಿತಿ ಸಿದ್ಧವಾಗುವುದಕ್ಕೇ ಒಂದು ಚಳಿಗಾಲ ಹಿಡಿಯಿತು.

ಸರ್ಜರಿ ವಾರ್ಡಿನ ನರ್ಸ್ ಮ್ಯಾನೇಜರ್ ವಿಮಲಾ ಆಂಟಿ, ಮೈಸೂರಿನವರು. ಅವರು ಸಮಿತಿಯನ್ನು ಕೇಳಿದ್ದು ಒಂದೇ: ಆಪರೇಷನ್ನಿಗೆ ಎರಡು ಗಂಟೆ ಮುಂಚಿನವರೆಗೆ, ವೈದ್ಯರು ಬೇಡವೆನ್ನದ ರೋಗಿಗಳಿಗೆ, ಇಡೀ ಆಸ್ಪತ್ರೆಯಲ್ಲಿ ನೀರು ಕೊಡಲಿ. ಮಧ್ಯರಾತ್ರಿಯಿಂದಲೇ ನೀರು ನಿಲ್ಲಿಸುವ ಪದ್ಧತಿ ಬೇಕಿಲ್ಲವೆಂದು ಸಂಶೋಧಕರು ಹೇಳಿ ಎಷ್ಟೋ ಕಾಲವಾಗಿತ್ತು. ಸಮಿತಿ ಒಪ್ಪದಿದ್ದರೆ ವಯಸ್ಸಾದವರು ಮಧ್ಯಾಹ್ನದವರೆಗೂ ಒಣಗಿದ ಬಾಯಲ್ಲೇ ಸರದಿ ಕಾಯಬೇಕು. ಸಮಿತಿ ಗಂಭೀರವಾಗಿ ಕೇಳಿಸಿಕೊಂಡು, ವಿಷಯವನ್ನು ಉಪಸಮಿತಿಗೆ ಒಪ್ಪಿಸಿತು.

ಅದೇ ವಾರ ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕ ಆಂಟಿಗೆ ಸರ್ವೆಯ ಉತ್ತರಗಳಿಂದ ಮಾಡಿದ ನನ್ನ ಹಸಿರು ಗ್ರಾಫ್ ತೋರಿಸಿ, ಸಂಸ್ಥೆಯ ಸಿದ್ಧತೆ ಬಹಳ ಚೆನ್ನಾಗಿದೆ ಎಂದೆ.

"ನಮ್ಮಜ್ಜಿ ಏಕಾದಶಿ ದಿನ ನೀರೂ ಮುಟ್ತಿರ್ಲಿಲ್ಲ ಕಣೋ," ಎಂದರು. "ಅವ್ರಿಗೆ ಪುಣ್ಯನಾದ್ರೂ ಬರ್ತಿತ್ತು. ಈ ಪೇಷಂಟ್ಸ್‌ಗೆ ಏನ್ ಬರುತ್ತೆ? ತಲೆನೋವು. ಅದನ್ನೂ ನಿನ್ ಗ್ರಾಫಲ್ಲಿ ಹಾಕು."

ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತು ಇದನ್ನೇ ಸಭ್ಯ ಇಂಗ್ಲಿಷಿನಲ್ಲಿ ಹೇಳಿದೆ, ಎಲ್ಲರೂ ತಲೆದೂಗಿದರು, ನಿಯಮ ಬದಲಾಯಿತು. ನನ್ನ ನೆನಪು ಹೀಗಿದೆ. ತೊಡಕೆಂದರೆ, ಆಗಿನ ಸಭೆಗಳೆಲ್ಲ ವಿಡಿಯೋದಲ್ಲಿ ನಡೆಯುತ್ತಿದ್ದವು. ಎದ್ದು ನಿಂತಿದ್ದರೆ ಎಲ್ಲರಿಗೂ ನನ್ನ ಹೊಟ್ಟೆಯಷ್ಟೇ ಕಾಣುತ್ತಿತ್ತು.

ಆಪರೇಷನ್ ಮುಗಿದು ಮನೆಗೆ ಬಂದ ಮೇಲೆ, ಈಗ ನಿವೃತ್ತರಾಗಿರುವ ಆಂಟಿಗೆ ಫೋನ್ ಮಾಡಿದೆ. ನನ್ನ ಭಾಷಣ ಅವರಿಗೆ ನೆನಪಿರಲಿಲ್ಲ.

"ನೀನು ಮ್ಯೂಟಲ್ಲಿದ್ದೆ ಅನ್ಸುತ್ತೆ," ಎಂದರು. "ಪಕ್ಕದ ವಾರ್ಡ್‌ನೋರು ನಮ್ದನ್ನ ನೋಡಿ ನೀರು ಕೊಡೋಕೆ ಶುರು ಮಾಡಿದ್ರು, ಆಮೇಲೆ ಅವ್ರ ಪಕ್ಕದೋರು. ನಿಮ್ ಕಮಿಟಿ ಕೊನೇಲಿ ಸೈನ್ ಹಾಕ್ತು, ಪಾಪ."

ಅವರ ನೆನಪನ್ನಾದರೂ ಏಕೆ ನಂಬಬೇಕು? ಆಗ ಅಲ್ಲಿದ್ದ ಅರಿವಳಿಕೆ ವೈದ್ಯರನ್ನೂ ಹುಡುಕಿ ಕೇಳಿದೆ. ಉಳಿದದ್ದು ಹೇಗಾದರೂ ಇರಲಿ, ಅವರ ಮಾತಿನಿಂದ ಇಷ್ಟು ಖಚಿತವಾಯಿತು: ಆಸ್ಪತ್ರೆ ಸಿದ್ಧವಿದೆಯೇ ಎಂದು ವಿಚಾರಿಸಲು ನಮ್ಮ ಸಮಿತಿ ಮೊದಲ ಸಲ ಸೇರಿದ ದಿನ, ವಿಮಲಾ ಆಂಟಿಯ ವಾರ್ಡಿನಲ್ಲಿ, ಆ ವೈದ್ಯರದೇ ಒಪ್ಪಿಗೆಯಿಂದ, ರೋಗಿಗಳು ಆಗಲೇ ನೀರು ಕುಡಿಯುತ್ತಿದ್ದರು.