ಹಿಮ ಮುಟ್ಟಿದ ದಿನದ ಸಾರು

ಬಸವೇಶ್ವರನಗರದ ನಲವತ್ತು ಜನ ಡಿಸೆಂಬರಿನಲ್ಲಿ ಹಿಮಾಲಯದ ನ್ಯಾಷನಲ್ ಪಾರ್ಕುಗಳನ್ನ ನೋಡೋಕೆ ಹೊರಟಾಗ ನಾನು ಅವರ ಅಡುಗೆಯವನು. ನಮ್ಮ ಜನಕ್ಕೆ ಎಲ್ಲಿಗೆ ಹೋದರೂ ಅನ್ನ ಸಾರು ಬೇಕಲ್ಲ, ಹಾಗಾಗಿ ಬಸ್ಸಿನಲ್ಲಿ ಪಾತ್ರೆಗಳ ಜೊತೆ ನಾನೂ ಒಬ್ಬ. ಅವರು ದಿನಾ ಬೆಟ್ಟ ನೋಡೋರು, ನಾನು ಲಾಡ್ಜಿನ ಹಿಂದಿನ ಶೆಡ್ಡಲ್ಲಿ ತರಕಾರಿ ಹೆಚ್ಚೋನು. ಸಂಜೆ ಬಂದು, "ಹಿಮ ಮುಟ್ಟಿದ್ವಿ ಕಣಪ್ಪಾ, ನೋಡು" ಅಂತ ಡಿಜಿಟಲ್ ಕ್ಯಾಮೆರಾ ಮುಖಕ್ಕೆ ಹಿಡಿಯೋರು. ಹೊಟ್ಟೆ ಉರಿಯೋದು. ನಾಲ್ಕನೇ ದಿನ ತಡೀಲಾರದೆ ಬೇಕಂತಲೇ ಉಪ್ಪಿಟ್ಟಿಗೆ ಉಪ್ಪು ಹಾಕಲಿಲ್ಲ.

ಗುಂಪಿನಲ್ಲೇ ಹಿರಿಯರಾದ ಸರೋಜಮ್ಮ ತಟ್ಟೆ ಹಿಡಿದುಕೊಂಡೇ ಶೆಡ್ಡಿಗೆ ಬಂದರು. "ಯಾರ ಮೇಲಪ್ಪಾ ಕೋಪ?"

"ಇಷ್ಟು ದೂರ ಬಂದು ನಾನಿನ್ನೂ ಹಿಮ ಮುಟ್ಟಿಲ್ಲ ಅಮ್ಮಾ" ಅಂದೆ.

ಅವರು ನನ್ನ ಕೈಯಿಂದ ಸೌಟು ಕಿತ್ಕೊಂಡರು. "ನನಗೆ ಮಂಡಿ ನೋವು, ಒಲೆ ಮುಂದೆ ಬೆಚ್ಚಗಿರ್ತೀನಿ. ನನ್ನ ಸೀಟಲ್ಲಿ ಕೂತು ಹೋಗಿ ಬಾ."

ಹೋದೆ. ಹಿಮದಲ್ಲಿ ಕುಣಿದೆ, ಬಿದ್ದೆ, ಫೋಟೋನೂ ತೆಗೆಸಿಕೊಂಡೆ. ವಾಪಸ್ ಬಂದು ಎಲ್ಲರ ಸಾಲಿನಲ್ಲೇ ಊಟಕ್ಕೆ ಕೂತೆ. ಮೊದಲ ತುತ್ತಿಗೇ ಪಕ್ಕದ ಯಜಮಾನರು ಕಣ್ಣು ಮುಚ್ಚಿ, "ಆಹಾ, ಸಾರು ಅಂದ್ರೆ ಇದಪ್ಪಾ!" ಅಂದರು. ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡರು. "ನಾಳೆನೂ ನೀವೇ ಮಾಡಿ ಸರೋಜಮ್ಮ, ಪಾಪ, ಹುಡುಗ ಇನ್ನೊಂದಿನ ಹಿಮ ನೋಡ್ಲಿ" ಅಂತ ಯಾರೋ ಅಂದರು.

ಹಿಮ ಹೇಗಿತ್ತು ಅಂತ ಜನ ಈಗಲೂ ಕೇಳ್ತಾರೆ. ಸರಿಯಾಗಿ ನೆನಪಿಲ್ಲ. ಅವತ್ತು ಸೌಟನ್ನ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದು ಮಾತ್ರ ಚೆನ್ನಾಗಿ ನೆನಪಿದೆ.