ಆಪರೇಶನ್ ನಡುವೆ ಹೊರಗೆ ಬಂದು ಹೇಳಿದ್ದು

"ಅದೆಲ್ಲಾ ನಮ್ಮಂಥವರಿಂದ ಆಗೂದಲ್ಲ ಬಿಡವಾ" ಎಂದವರು ನನ್ನ ಸೋದರಮಾವ. ದೇವಿಯ ಗುಡ್ಡದ ಹತ್ತಿರದ ಉಗರಗೋಳದಲ್ಲಿ ಅವರದು ಭಕ್ತರಿಗೆ ಭಂಡಾರದ ಅರಿಶಿನಪುಡಿ, ಬಳೆ ಮಾರುವ ಅಂಗಡಿ. ಕೆಲವು ವರ್ಷಗಳ ಹಿಂದಿನ ಮಾತು. ನಾನು ಆಗಷ್ಟೇ ಎಂ.ಎಸ್. ಮುಗಿಸಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೊಸ್ಕೋಪಿ, ನಮ್ಮ ಜನ ದುರ್ಬೀನ್ ಆಪರೇಶನ್ ಅನ್ನುವುದು, ಇನ್ನೂ ಕೈಗೆ ಹತ್ತಿರಲಿಲ್ಲ. ಅದಕ್ಕೆ ದೊಡ್ಡ ಊರಲ್ಲಿದ್ದು ಕಲಿಯಬೇಕು. ಅಷ್ಟು ತಾಕತ್ತು ಮನೆಗಿರಲಿಲ್ಲ; ಮಾವ ಅಂದದ್ದು ಅದನ್ನೇ.

ಬೈಲಹೊಂಗಲದ ಹಿರಿಯ ಸರ್ಜನ್ ಒಬ್ಬರು ಸಾಯುವ ಮೊದಲು ತಮ್ಮ ಆಸ್ಪತ್ರೆ, ಹೊಲ ಎಲ್ಲವನ್ನೂ ಟ್ರಸ್ಟಿಗೆ ಬರೆದಿದ್ದರು. ಸುತ್ತಲಿನ ತಾಲೂಕುಗಳ ಎಳೆಯ ಸರ್ಜನ್‌ಗಳಿಗೆ ಅಲ್ಲಿ ಒಂದು ವರ್ಷ ಪುಕ್ಕಟೆ ಊಟ, ವಸತಿ, ತರಬೇತಿ. ನಾನೂ ಸೇರಿದೆ. ಆ ಹಿರಿಯರನ್ನು ನಾನು ನೋಡಲಿಲ್ಲ, ಅವರ ರೂಢಿ ನೋಡಿದೆ: ಆಪರೇಶನ್ ನಡುವೆ ದಾರಿ ಬದಲಿಸಬೇಕಾದರೆ, ಮಾಡುತ್ತಿರುವವರೇ ಹೊರಗೆ ಬಂದು ಮನೆಯವರಿಗೆ ಹೇಳಬೇಕು. ನರ್ಸ್ ಕೈಲಿ ಹೇಳಿ ಕಳಿಸುವಂತಿಲ್ಲ.

ವರ್ಷದ ಕೊನೆಗೆ ಸರ್ಟಿಫಿಕೇಟಿಗಾಗಿ ನನ್ನ ಪರೀಕ್ಷೆ ಬಂತು. ದೇಗಾಂವದ ಅಜ್ಜಿಯೊಬ್ಬರ ಪಿತ್ತಕೋಶವನ್ನು ನಾನೇ ದುರ್ಬೀನಿನಿಂದ ತೆಗೆಯಬೇಕು. ಅಲ್ಲಿ ನಮಗೆ ಕಲಿಸುತ್ತಿದ್ದ ಗುರುಗಳು ಪಕ್ಕದಲ್ಲಿ ನಿಂತು ನೋಡುವವರಷ್ಟೇ. ಕ್ಯಾಮೆರಾ ಒಳಗಿಟ್ಟರೆ ಎಲ್ಲ ಒಂದಕ್ಕೊಂದು ಅಂಟಿತ್ತು. ಪಿತ್ತನಾಳ ಯಾವುದು, ರಕ್ತನಾಳ ಯಾವುದು ತಿಳಿಯಲಿಲ್ಲ. ತಪ್ಪು ನಾಳ ಕತ್ತರಿಸಿದರೆ ಅಜ್ಜಿಯ ಜೀವಕ್ಕೇ ಕುತ್ತು. ಹೊಟ್ಟೆ ತೆರೆದರೆ ನನ್ನ ಸರ್ಟಿಫಿಕೇಟ್ ಹೋಯಿತು ಅಂದುಕೊಂಡೆ.

"ಹೊಟ್ಟಿ ತೆರೀತೇನ್ರಿ ಸರ್" ಎಂದೆ.

"ಹಂಗಾರ ಹೊರಗ ಹೋಗಿ ಹೇಳಿ ಬಾ. ನಾ ಇಲ್ಲೇ ಇರತೇನಿ."

ಬಾಗಿಲಲ್ಲಿ ಕಾದಿದ್ದ ಅಜ್ಜಿಯ ಗಂಡ ಎದ್ದು ನಿಂತರು. "ಸಣ್ಣ ತೂತು ಅಂದಿದ್ದಿ ಅಲ್ಲ ತಂಗಿ?"

"ಒಳಗ ಸರಿಯಾಗಿ ಕಾಣವಲ್ದು ಅಜ್ಜಾರ. ಕಾಣದಿದ್ರ ಕತ್ತರಿ ಆಡಸೂದು ಬ್ಯಾಡ. ಹೊಟ್ಟಿ ತೆರೆದು ಮಾಡತೇನಿ, ಗಾಯ ದೊಡ್ಡದಾಗತೈತಿ."

"ಗಾಯ ನೋಡಿ ಮುದುಕಿ ನನ್ನ ಮ್ಯಾಲೆ ಒದರತಾಳ. ಒದರಲಿ. ಒದರಾಕರ ಉಳೀಬೇಕಲ್ಲ."

ಅಜ್ಜಿ ಉಳಿದರು, ಒದರಿದರು ಕೂಡ. ಗುರುಗಳು ನನ್ನನ್ನು ಪಾಸು ಮಾಡಿದರು. "ಎಲ್ಲಿ ನಿಲ್ಲಸಬೇಕು ಅನ್ನೂದು ಗೊತ್ತಾತಲ್ಲ, ಉಳಿದದ್ದು ಮಾಡಿ ಮಾಡಿ ಬರತೈತಿ" ಎಂದರು. ನನ್ನ ಕೆಲಸ ನನಗೆ ಕಲಿಸಿದ್ದೂ ಅದನ್ನೇ. ಈಗ ನಾನು ಕೆಲಸ ಮಾಡುವ ರಾಮದುರ್ಗದ ಆಸ್ಪತ್ರೆಯಲ್ಲಿ ಎಷ್ಟೇ ಗಡಿಬಿಡಿ ಇರಲಿ, ಹೊರಗೆ ಬಂದು ಹೇಳುವುದನ್ನು ನಾನು ಬಿಟ್ಟಿಲ್ಲ.

ಅಂದು ಸರ್ಟಿಫಿಕೇಟ್ ಕೊಟ್ಟ ದಿನ ಗುರುಗಳು ಅಜ್ಜಿಯ ಆಪರೇಶನ್ನಿನ ಸಂಗತಿಯನ್ನು ಸಭೆಯಲ್ಲಿ ಹೇಳಿದರು. ಅಂಗಡಿ ಮುಚ್ಚಿ ಬಂದಿದ್ದ ಮಾವ ಸರ್ಟಿಫಿಕೇಟಿನ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. ಆಮೇಲೆ ಮೂಲೆಗೆ ಕರೆದರು.

"ಭಾಳ ದಿನದಿಂದ ನನಗ ಹರ್ನಿಯಾ ಐತಿ, ಯಾರಿಗೂ ಹೇಳಿಲ್ಲ. ನೀನ ಮಾಡವಾ. ಮಂಗಳವಾರ, ಶುಕ್ರವಾರ ಬ್ಯಾಡ, ಗಿರಾಕಿ ಇರತಾವ. ನಡುವ ಏನರ ಆದ್ರ ಹೊರಗ ಬಂದು ನಿಮ್ಮತ್ತಿ ಮುಂದ ಹೇಳು. ಆಕಿ ಅಂಜತಾಳ."